ಮಾರಿದ ಮೇಲೂ ಹೋಗದ ರೇಡಿಯೋ

ಒಂದು ವಸ್ತುವನ್ನು ಮನೆಗೆ ತರಲು ಬೇಕಾದಷ್ಟು ಬುದ್ಧಿ ನನಗಿದೆ. ಅದನ್ನು ಮನೆಯಿಂದ ಹೊರಗೆ ಕಳಿಸಲು ಬೇಕಾದಷ್ಟಿಲ್ಲ. ಬರುವಾಗ ವಸ್ತು ಒಂದೇ ಬರುತ್ತದೆ. ಬಂದ ಮೇಲೆ ಗೋಡೆಯಲ್ಲೊಂದು ಮೊಳೆ, ಮೂಲೆಯಲ್ಲೊಂದು ಮೇಜು, ಹೆಂಡತಿಗೊಂದು ಅಭ್ಯಾಸ, ನೆರೆಯವರಿಗೊಂದು ಹಕ್ಕು ಎಂದು ಮೆಲ್ಲಗೆ ಕೈಕಾಲು ಚಾಚಿಕೊಳ್ಳುತ್ತದೆ. ಕಳಿಸುವ ದಿನ ನಾವು ಅದರ ನಡುಭಾಗವನ್ನಷ್ಟೇ ಎತ್ತಿ ಜೀಪಿಗೆ ಹಾಕಿ, ಕೈ ಕೊಡವಿಕೊಂಡು ಒಳಗೆ ಬರುತ್ತೇವೆ. ಕೈಕಾಲುಗಳೆಲ್ಲ ಇಲ್ಲೇ ಇರುತ್ತವೆ. ನಾನು ರೇಡಿಯೋ ಮಾರಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನಾದರೂ ನನಗೇ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ.

ನಾನು ಚೆಟ್ಟಳ್ಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕುರ್ಚಿಯಲ್ಲಿ ಕೂತು ಬರೆಯುವವನು ಎಂದು ಕುಶಾಲನಗರದ ಕಡೆಯ ನಮ್ಮ ನೆಂಟರು ತಿಳಿದಿದ್ದಾರೆ. ನಿಜವಾಗಿ ಅವನು ಕೂಗುವವನು. ಬೆಳಿಗ್ಗೆ ಕೂಲಿಯವರ ಮನೆಸಾಲಾದ ಲೈನಿನ ಮುಂದೆ ನಿಂತು ಹಾಜರಿ ಕೂಗಬೇಕು. ಕಾಫಿ ಹಣ್ಣಿನ ಪಿಕಿಂಗ್ ಶುರುವಾದರೆ ತಮಿಳಿನಲ್ಲಿ ಒಂದಿಷ್ಟು, ಮಲಯಾಳದಲ್ಲಿ ಒಂದಿಷ್ಟು, ತುಳುವಿನಲ್ಲಿ ಒಂದಿಷ್ಟು ಕೂಗಬೇಕು. ಸಾಹುಕಾರರ ಮುಂದೆ ಮಾತ್ರ ಮೆಲ್ಲಗೆ ಮಾತಾಡಬೇಕು. ಸಂಜೆ ಮನೆಗೆ ಬಂದಾಗ ನನಗೆ ಬೇಕಾದದ್ದು ಯಾರೂ ಮಾತಾಡದ ಒಂದಷ್ಟು ಹೊತ್ತು, ಅಷ್ಟೆ. ಅಂಥ ನಾನೇ ಮಡಿಕೇರಿಗೆ ಹೋಗಿ ರೇಡಿಯೋ ಕೊಂಡೆ. ಕರೆಂಟಿಲ್ಲದ ಮನೆಗೆ, ಕಲ್ಲಿನಂಥ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಅಂದಿನಿಂದ ಸಂಜೆಯ ವಾರ್ತೆಯ ಹೊತ್ತಿಗೆ ನಮ್ಮ ಜಗಲಿ ತುಂಬತೊಡಗಿತು. ವಾರ್ತೆ ಮುಗಿದ ಮೇಲೆ ಆ ಕನ್ನಡ ಅರ್ಥವಾಗದವರಿಗೆಲ್ಲ ಅವರವರ ಮಾತಿನಲ್ಲಿ ನಾನು ಮತ್ತೊಮ್ಮೆ ಕೂಗಿ ಹೇಳಬೇಕಾಯಿತು.

ಬರುವವರಲ್ಲಿ ಮೊದಲಿಗರು, ಏಳುವವರಲ್ಲಿ ಕೊನೆಯವರು ಬೋಪಯ್ಯನವರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಎಸ್ಟೇಟಿನ ಬೇಲಿಯಾಚೆ, ದಿಬ್ಬದ ಮೇಲೆ ಅವರ ಮನೆ. ನಮ್ಮ ಜಗಲಿ ಬೆಂಚಿನ ಬಲತುದಿ ಅವರದು. ವಾರ್ತೆ ಬರುತ್ತಿರುವಾಗ ಅವರು ರೇಡಿಯೋ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದರು. ಮುಗಿದ ಮೇಲೆ "ಎಂಥ ಹೇಳಿದ ಅವನು?" ಎಂದು ಕೇಳಿ, ನಾನು ಹೇಳಿದ್ದಕ್ಕೆಲ್ಲ ತಲೆದೂಗಿ, ಬೆಲ್ಲದ ಕಾಫಿ ಕುಡಿದು, ಊಟದ ಹೊತ್ತಿನ ತನಕ ಕೂತಿರುತ್ತಿದ್ದರು. ರೇಡಿಯೋ ಹೋದರೆ ಇವರೂ ಹೋಗುತ್ತಾರೆ ಎಂದುಕೊಂಡು ನಾಪೋಕ್ಲಿನ ಒಬ್ಬ ವ್ಯಾಪಾರಿಗೆ ಅದನ್ನು ಮಾರಿಬಿಟ್ಟೆ. ಬ್ಯಾಟರಿ ಹೊತ್ತು ಹೊತ್ತು ಸೊಂಟ ಹಿಡಿಯಿತು ಎಂದು ಹೆಂಡತಿಗೆ ಹೇಳಿದೆ.

ರೇಡಿಯೋ ಹೊತ್ತ ಜೀಪು ತಿರುವು ದಾಟಿದ ಮೇಲೆ ತಲೆಯೆತ್ತಿ ನೋಡಿದರೆ ಹಲಸಿನ ಮರದಿಂದ ಮಾಡಿನ ತನಕ ಏರಿಯಲ್ ತಂತಿ ಹಾಗೇ ಇದೆ. ಬಿಚ್ಚೋಣವೆಂದು ಏಣಿ ತಂದರೆ ಹೆಂಡತಿ ಸಾವಿತ್ರಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದಾಳೆ. "ಬಿಚ್ಚಬೇಡಿ. ಎರಡು ತುದೀನೂ ಸ್ವಲ್ಪ ಕೆಳಗಿಳಿಸಿ ಕಟ್ಟಿಕೊಡಿ, ಸಾಕು" ಎಂದಳು. ಕಟ್ಟಿಕೊಟ್ಟೆ. ಕಿಟಕಿಯ ಕೆಳಗೆ ನೆಲದಲ್ಲಿ ಹೂತಿದ್ದ ಅರ್ತ್ ಪೈಪನ್ನಾದರೂ ಕೀಳೋಣವೆಂದು ಹೋದೆ. ಅದರ ಬುಡ ತೇವವಾಗಿದ್ದರೆ ದನಿ ಚೊಕ್ಕವಾಗಿ ಬರುತ್ತದೆ ಎಂದು ಅಂಗಡಿಯವನು ಹೇಳಿದ್ದನ್ನೇ ನಂಬಿ ಅವಳು ಅಕ್ಕಿ ತೊಳೆದ ನೀರನ್ನೆಲ್ಲ ಅಲ್ಲಿಗೇ ಸುರಿಯುತ್ತಿದ್ದಳು. ವಾರ್ತೆ ಎಷ್ಟು ಚೊಕ್ಕವಾಯಿತೋ ಕಾಣೆ, ಕೆಸ ಮಾತ್ರ ಸೊಂಪಾಗಿ ಬೆಳೆದು ಪೈಪನ್ನು ಅಪ್ಪಿಕೊಂಡಿತ್ತು. "ಅದನ್ನ ಮುಟ್ಟಿದ್ರೆ ನಿಮಗೆ ಕೆಸದೆಲೆ ಪತ್ರೊಡೆ ಇಲ್ಲ" ಎಂದಳು. ಪೈಪು ಅಲ್ಲೇ ಉಳಿಯಿತು, ನೀರೂ ನಿಲ್ಲಲಿಲ್ಲ. ಒಳಗೆ ಮೇಜಿನ ಮೇಲೆ ರೇಡಿಯೋಗೆಂದು ಅವಳು ಕಸೂತಿ ಹಾಕಿದ ಹೊದಿಕೆ, ಯಾವುದನ್ನೂ ಹೊದಿಸದೆ ಮಡಚಿಕೊಂಡು ಕೂತಿತ್ತು. ರೇಡಿಯೋ ಇಟ್ಟುಕೊಳ್ಳಲು ಪಡೆದಿದ್ದ ಲೈಸೆನ್ಸ್ ಹಿಂದಿರುಗಿಸಲು ಪೋಸ್ಟಾಫೀಸಿಗೆ ಹೋದರೆ ಪೋಸ್ಟ್ ಮಾಸ್ಟರು, "ತಗೊಳ್ಳೋಕೆ ಬರುವವರನ್ನ ನೋಡಿದ್ದೇನೆ, ಬೇಡ ಅನ್ನುವವರನ್ನ ಇದೇ ಮೊದಲು ನೋಡ್ತಿರೋದು. ಏನು ಮಾಡಬೇಕು ಅಂತ ಮಡಿಕೇರಿಗೆ ಬರೆದು ಕೇಳ್ತೀನಿ" ಎಂದರು. ಇನ್ನೂ ಕೇಳುತ್ತಲೇ ಇದ್ದಾರೆ.

ಇದನ್ನೆಲ್ಲ ಸಹಿಸಿಕೊಂಡೆ. ಆದರೆ ಜೀಪು ಹೋದ ಆ ಸಂಜೆಯೇ, ವಾರ್ತೆಯ ಹೊತ್ತಿಗೆ ಸರಿಯಾಗಿ ಬೋಪಯ್ಯನವರ ಕೋಲಿನ ಸದ್ದು ಕೇಳಿತು. ಉಳಿದವರು ಯಾರೂ ಬರಲಿಲ್ಲ, ಇವರು ಬಂದರು. ಬೆಂಚಿನ ಬಲತುದಿಯಲ್ಲಿ ಕೂತರು.

"ರೇಡಿಯೋ ಮಾರಿಬಿಟ್ಟೆ ಹವಾಲ್ದಾರರೇ" ಎಂದೆ.

"ಗೊತ್ತುಂಟು. ಜೀಪು ನೋಡಿದೆ. ಮತ್ತೆ ಎಂಥ ವಿಷಯ?"

ವಿಷಯ ಎಲ್ಲಿಂದ ತರಲಿ? ತಿತಿಮತಿ ಕಡೆ ಆನೆ ಯಾರದೋ ಬಾಳೆ ಮುರಿದದ್ದು, ಲೈನಿನಲ್ಲಿ ನೀರಿಗಾಗಿ ಜಗಳವಾದದ್ದು, ಇಂಥವನ್ನು ರೂಢಿಯಂತೆ ಕೂಗಿಯೇ ಹೇಳಿದೆ. ಅವರು ಅದೇ ಗಾಂಭೀರ್ಯದಿಂದ ತಲೆದೂಗಿ ಕಾಫಿ ಕುಡಿದರು. ಅವರು ಹೋದ ಮೇಲೆ ಸಾವಿತ್ರಿಯ ಮುಂದೆ ಗೊಣಗಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅವರಿಗೆ ಕಿವಿ ಮಂದ ಅಂತ ನಿಮಗೆ ಗೊತ್ತೇ ಇರಲಿಲ್ವಾ? ರೇಡಿಯೋದ್ದು ಅವರಿಗೆ ಒಂದಕ್ಷರಾನೂ ಕೇಳ್ತಿರಲಿಲ್ಲ. ನೀವು ಕೂಗಿದ್ದಷ್ಟೇ ಕೇಳ್ತಿತ್ತು." ಒಂದು ಗಳಿಗೆ ಹೆಮ್ಮೆಯಾಯಿತು, ಆಮೇಲೆ ಹೆದರಿಕೆಯಾಯಿತು. ರೇಡಿಯೋವನ್ನಾದರೆ ಮಾರಬಹುದು, ನನ್ನ ಗಂಟಲನ್ನು ಯಾರು ಕೊಳ್ಳುತ್ತಾರೆ?

ಮರುದಿನ ಮಧ್ಯಾಹ್ನ, ಹುಳ ಹಿಡಿದಿದೆ ಎಂಬ ನೆಪ ಹೇಳಿ ಬೆಂಚನ್ನು ಒಳಗೆ ಎಳೆದು ಹಾಕಿದೆ. ಸಾವಿತ್ರಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಸಂಜೆ ಬೋಪಯ್ಯನವರು ಅಂಗಳದ ತನಕ ಬಂದು, ಖಾಲಿ ಜಗಲಿಯನ್ನು ನೋಡಿ, ನಿಂತೇ ಎರಡು ಮಾತಾಡಿ ಹೊರಟುಹೋದರು. ಅದರ ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ನಾನು ಇಷ್ಟು ಕಾಲ ಬಯಸಿದ ಮೌನ ಕೊನೆಗೂ ಮನೆಗೆ ಬಂದು ಕೂತಿತು. ಅದರ ಜೊತೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ವಾರ್ತೆಯ ಹೊತ್ತಾದರೆ ಗಂಟಲು ತಾನಾಗಿ ಕೆಮ್ಮಿ ಸಜ್ಜಾಗುತ್ತಿತ್ತು. ತೋಟದಲ್ಲಿ ಏನಾದರೂ ನಡೆದರೆ, ಇದನ್ನು ಹವಾಲ್ದಾರರಿಗೆ ಹೇಳಬೇಕು ಎಂದು ಮನಸ್ಸು ಅದನ್ನು ಎತ್ತಿಡುತ್ತಿತ್ತು. ಸಾವಿತ್ರಿ ಅಭ್ಯಾಸಬಲದಿಂದ ಒಂದು ಲೋಟ ಕಾಫಿ ಹೆಚ್ಚು ಮಾಡಿ, ಅದನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಿದ್ದಳು. ಎರಡನೆಯ ಲೋಟ ಕುಡಿಯುವಾಗ ನನಗೆ ನಿಜವಾಗಿ ಬೇಸರವಾಗುತ್ತಿತ್ತು. ಆ ಮುದುಕರನ್ನು ನೋಡಬೇಕೆನಿಸುತ್ತಿತ್ತು.

ಒಂದು ಸಂಜೆ ಅದೇ ಹೊತ್ತಿಗೆ ದಿಬ್ಬ ಹತ್ತಿದೆ. ಅವರ ಮನೆಯ ಜಗಲಿಯಲ್ಲಿ, ಕಂಬಗಳ ನಡುವೆ ಕೂರಿಸಿದ ಅಗಲವಾದ ಹಲಗೆಯಿದೆ. ಅದನ್ನು ಐಮರ ಎನ್ನುತ್ತಾರೆ. ಅಲ್ಲಿ ಕೂತಿದ್ದ ಬೋಪಯ್ಯನವರು ಸರಿದು ಜಾಗ ಕೊಟ್ಟರು. ಯಾಕೆ ಬಂದೆ ಎಂದು ಕೇಳಲಿಲ್ಲ. ನಾನು ಎತ್ತಿಟ್ಟುಕೊಂಡದ್ದನ್ನೆಲ್ಲ ಕೂಗಿ ಹೇಳಿದೆ. ಮಾರನೆಯ ದಿನವೂ ಹೋದೆ, ಅದರಾಚೆಯ ದಿನವೂ ಹೋದೆ. ಆವತ್ತು ನನ್ನ ವಾರ್ತೆಯೆಲ್ಲ ಮುಗಿದ ಮೇಲೆ ಅವರು ಕೋಲಿನ ಮೇಲೆ ಗಲ್ಲವಿಟ್ಟುಕೊಂಡು, ನಗದೆ ಹೇಳಿದರು:

"ನಾನು ಬರೋದು ನಿಲ್ಲಲಿ ಅಂತ ನೀವು ರೇಡಿಯೋ ಮಾರಿದ್ರಿ, ಬೆಂಚು ಒಳಗೆ ಹಾಕಿದ್ರಿ. ಈಗ ನಿಮ್ಮದು ನಿಲ್ಲೋಕೆ ನಾನು ಎಂಥ ಮಾಡೋದು ರೈಟರೇ? ಮಾರೋಕೆ ನನ್ನ ಹತ್ತಿರ ರೇಡಿಯೋ ಇಲ್ಲ. ಈ ಐಮರ ಅಜ್ಜನ ಕಾಲದ್ದು, ಕೀಳೋಕೆ ಬರೋದಿಲ್ಲ."

ಒಳಗಿನಿಂದ ಕಾಫಿ ತರುತ್ತಿರುವ ಸದ್ದು ಕೇಳಿತು. ಏಳಬೇಕಾದ ಹೊತ್ತು ಅದೇ ಎಂದು ಗೊತ್ತಿದ್ದೂ ನಾನು ಐಮರದ ಬಲತುದಿಗೆ ಇನ್ನಷ್ಟು ಸರಿದು ಸರಿಯಾಗಿ ಕೂತೆ.