ಭಾವನ ಬೇಸ್‌ಮೆಂಟಿನ ಬಾಣಂತಿ

ನಮ್ಮ ಭಾವನ ಮನೆಯಲ್ಲಿ ಜಿರಳೆಗಳಿವೆ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ, ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಡೆಟ್ರಾಯಿಟ್ ಪಕ್ಕದ ರಾಚೆಸ್ಟರ್ ಹಿಲ್ಸ್‌ನ ಅವರ ಮನೆಗೆ ನೀವು ಊಟಕ್ಕೆ ಹೋದರೆ, ಎಲೆಯ ಮುಂದೆ ಕೂರಿಸುವ ಮೊದಲು ಬೇಸ್‌ಮೆಂಟಿಗೆ ಇಳಿಸಿ, ಅಂಗೈಯಗಲದ ಒಂದನ್ನು ಎತ್ತಿ ನಿಮ್ಮ ಕೈಗೆ ಕೊಡುತ್ತಾರೆ. ಆಮೇಲೆ ನೀವು ಮೂರು ಸಲ ಸೋಪು ಹಾಕಿ ಕೈ ತೊಳೆಯುವುದನ್ನು ಬೇಸರದಿಂದ ನೋಡುತ್ತಾರೆ.

ಅಂಗೈಯಗಲ ಎಂದೆನೇ? ಹೋದ ಸಲ ಈ ಕಥೆ ಹೇಳಿದಾಗ ಬೆಂಕಿಪೊಟ್ಟಣದಷ್ಟು ಎಂದಿದ್ದೆನಂತೆ. ನನ್ನ ನೆನಪಿನಲ್ಲಿಟ್ಟ ವಸ್ತು ಹೇಳಿದಾಗಲೆಲ್ಲ ಬೆಳೆಯುತ್ತದೆ. ಅಳತೆಪಟ್ಟಿ ಹಿಡಿದರೆ ಮೂರು ಇಂಚು. ಆಸ್ಟ್ರೇಲಿಯಾ ಮೂಲದ್ದು, ರೆಕ್ಕೆಯಿಲ್ಲ. ಮರಳಿನಲ್ಲಿ ಬಿಲ ತೋಡಿಕೊಂಡು, ಒಣಗಿದ ನೀಲಗಿರಿ ಎಲೆ ತಿಂದುಕೊಂಡು ಹತ್ತು ವರ್ಷ ಬಾಳುತ್ತದೆ. "ಹಾಕಿದ್ದನ್ನ ಹೆಸರಿಡದೆ ತಿನ್ನೋರು ಈ ಮನೇಲಿ ಅವು ಮಾತ್ರ" ಎನ್ನುತ್ತಾಳೆ ನನ್ನ ಅಕ್ಕ.

ಭಾವ ವಾರೆನ್‌ನಲ್ಲಿ ಕಾರಿನ ಎಂಜಿನಿಯರು. ಹೊಸ ಕಾರಿನೊಳಗೆ ಬಾಗಿಲು ಹಾಕಿಕೊಂಡು ಕೂತು, ಎಲ್ಲಿ ಕಿರುಗುಟ್ಟುತ್ತದೆ ಎಂದು ಆಲಿಸುವುದೇ ಅವರ ಉದ್ಯೋಗ. ದಿನವಿಡೀ ಇದನ್ನು ಮಾಡಿದವರು ಮನೆಗೆ ಬಂದು ನಾಯಿ ಸಾಕುತ್ತಾರೆಯೇ? ಮುಟ್ಟಿದಾಗ ಮಾತ್ರ ಸಣ್ಣಗೆ ಬುಸ್ ಎನ್ನುವ ಪ್ರಾಣಿಯೇ ಬೇಕು.

ಮೊದಲ ಜೋಡಿಯನ್ನು ಅವರು ತಂದದ್ದು ಶಿಕಾಗೊ ಕಡೆಯ ಒಬ್ಬ ಸಾಕಣೆದಾರನಿಂದ. ನಡು ಜನವರಿ. ವಾಪಸು ಹೋಗುವಾಗ ನೇಪರ್‌ವಿಲ್‌ನ ನಮ್ಮ ಮನೆಗೆ ಊಟಕ್ಕೆ ಬಂದರು. ಅನ್ನ ಬಡಿಸುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಸಾಕಮ್ಮ, ಬೇಗ ಹೊರಡ್ಬೇಕು. ಕಾರಲ್ಲಿ ಗಂಡ ಹೆಂಡ್ತಿ ಕಾಯ್ತಿದಾರೆ."

ನನ್ನ ಹೆಂಡತಿ ಗಾಬರಿಯಾಗಿ ಇನ್ನೆರಡು ತಟ್ಟೆ ಇಟ್ಟಳು. "ಅಯ್ಯೋ ಭಾವ, ಈ ಚಳೀಲಿ ಹೊರಗೆ ಕೂರ್ಸಿ ಬಂದಿದೀರಲ್ಲ. ಒಳಗೆ ಕರ್ಕೊಂಡ್ ಬನ್ನಿ."

ಕರೆದುಕೊಂಡು ಬಂದರು. ಆ ಎರಡು ತಟ್ಟೆಗಳು ಈಗ ನಮ್ಮ ಹೂಕುಂಡಗಳ ಕೆಳಗಿವೆ. ಅತಿಥಿಗಳು ಅವನ್ನು ಮುಟ್ಟಿರಲೂ ಇಲ್ಲ!

ಜೋಡಿಯನ್ನು ಹೊತ್ತು ತಂದ ಪೆಟ್ಟಿಗೆಗೆ ಹಳದಿ ಬಾತುಕೋಳಿ ಆಕಾರದ ಒಂದು ಹಳೆಯ ಥರ್ಮಾಮೀಟರು ಕಟ್ಟಿತ್ತು. ಅದು ಹಳೆಯದಾದದ್ದಕ್ಕೆ ಕಾರಣವಿದೆ. ಹದಿನೈದು ವರ್ಷದ ಹಿಂದೆ, ಸ್ಟರ್ಲಿಂಗ್ ಹೈಟ್ಸ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ, ಅಕ್ಕನ ಹೆರಿಗೆಗೆ ಮೈಸೂರಿನಿಂದ ಅಮ್ಮ ಬರಬೇಕಿತ್ತು. ಮೆಂತ್ಯದ ಹಿಟ್ಟು, ಒಣಶುಂಠಿ ಎಲ್ಲ ಕಟ್ಟಿಟ್ಟಾಗಿತ್ತು. ಎರಡು ಸಲ ವೀಸಾ ಕೇಳಿದರು, ಎರಡು ಸಲವೂ ಕೊಡಲಿಲ್ಲ. ಬಾಣಂತನ ಭಾವನ ಪಾಲಿಗೆ ಬಂತು, ಫೋನಿನ ಮೂಲಕ.

"ಕೋಣೆ ಬೆಚ್ಚಗಿರ್ಲಿ ಅಳಿಯಂದಿರೇ."

"ಎಷ್ಟು ಡಿಗ್ರಿ ಅತ್ತೆ?"

"ಡಿಗ್ರಿ ನಂಗೇನ್ ಗೊತ್ತು. ಕೈ ಇಟ್ರೆ ಹಿತವಾಗಿರ್ಬೇಕು."

ಎಂಜಿನಿಯರಿಗೆ ಇಂಥ ಉತ್ತರ ಕೊಟ್ಟರೆ ನಿದ್ದೆ ಬರುತ್ತದೆಯೇ? ಮಾರನೆಯ ದಿನವೇ ಆ ಬಾತುಕೋಳಿಯನ್ನು ಕೊಂಡು ತಂದು, ದಿನಕ್ಕೆರಡು ಸಲ ಮೈಸೂರಿಗೆ ವರದಿ ಒಪ್ಪಿಸುತ್ತಿದ್ದರು. "ಎಪ್ಪತ್ತೆಂಟು ಫ್ಯಾರನ್‌ಹೀಟ್, ಅತ್ತೆ. ಇದು ಹಿತಾನಾ?" ಅಮ್ಮ ಸಿಟ್ಟಾಗಿ ಫೋನನ್ನು ಅಪ್ಪನ ಕೈಗೆ ಕೊಡುತ್ತಿದ್ದರು.

ಹೋದ ವರ್ಷ ಅಮ್ಮನಿಗೆ ಅಂತೂ ವೀಸಾ ಸಿಕ್ಕಿತು. ಬೇಸ್‌ಮೆಂಟಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅಮ್ಮ ಬಂದಿಳಿದ ವಾರವೇ, ಎರಡು ವರ್ಷ ಕಾದಿದ್ದ ಭಾವನ ಹೆಣ್ಣು ಜಿರಳೆ ಮರಿ ಹಾಕಿತು. ಅವು ಮೊಟ್ಟೆಯಿಟ್ಟು ಹೋಗುವ ಜಾತಿಯಲ್ಲ. ಬಿಲದೊಳಗೇ ಹೆತ್ತು, ಎಲೆ ಎಳೆದು ತಂದುಕೊಟ್ಟು ಎಂಟೊಂಬತ್ತು ತಿಂಗಳು ಸಾಕುತ್ತವೆ. ಅಮ್ಮ ಇಲ್ಲದ ಒಂದು ವಾಟ್ಸ್ಯಾಪ್ ಗುಂಪು ಮಾಡಿ ಭಾವ ನಮಗೆಲ್ಲ ಸುದ್ದಿ ಕಳಿಸಿದರು: "ಹೆರಿಗೆ ಆಯಿತು. ಮಕ್ಕಳು ಹದಿನೆಂಟು. ತಾಯಿ ಕ್ಷೇಮ." ಅವರು ಇಷ್ಟು ಸಂತೋಷಪಟ್ಟದ್ದನ್ನು ಹದಿನೈದು ವರ್ಷದಲ್ಲಿ ನೋಡಿಲ್ಲ ಎಂದು ಅಕ್ಕ ಕೆಳಗೆ ಬರೆದಳು. ಅದು ದೂರೋ ಮೆಚ್ಚುಗೆಯೋ ಇವತ್ತಿಗೂ ಗೊತ್ತಿಲ್ಲ.

ಇನ್ನು ಮುಂದಿನದಕ್ಕೆ ನಾನು ಸಾಕ್ಷಿಯಲ್ಲ. ಅಕ್ಕ, ಅಕ್ಕನ ಮಗಳು, ಅಮ್ಮ ಮೂವರೂ ಹೇಳಿದ್ದನ್ನು ಸೇರಿಸಿ ಹೊಲಿದಿದ್ದೇನೆ, ಹೊಲಿಗೆ ಕಂಡರೆ ಕ್ಷಮಿಸಿ. ಸೀರೆ ಒಣಹಾಕಲು ಜಾಗ ಹುಡುಕುತ್ತ ಅಮ್ಮ ಬೇಸ್‌ಮೆಂಟಿಗೆ ಇಳಿದರು. ಗಾಜಿನ ತೊಟ್ಟಿಯನ್ನು ನೋಡಿದರು. ಕಿರುಚಿದರು ಎಂದು ಅಕ್ಕ, ಇಲ್ಲವೆಂದು ಅಮ್ಮ. ಮೇಲೆ ಬಂದು ಸೂಟ್‌ಕೇಸ್ ತೆರೆದದ್ದಂತೂ ನಿಜ. ಅದರಲ್ಲಿ, ಸೀರೆಗಳ ಮಡಿಕೆಯೊಳಗೆ, ಯಾವ ದೇಶದಲ್ಲಿ ಏನು ಕಾದಿದೆಯೋ ಎಂದು ತಂದ ಜಿರಳೆ ಸೀಮೆಸುಣ್ಣವಿತ್ತು. ಗೆರೆ ಎಳೆದರೆ ಸಾಕು, ದಾಟಿದ ಜಿರಳೆ ಸಾಯುತ್ತದೆ. ಅಮ್ಮ ತೊಟ್ಟಿಯ ಸುತ್ತ ಮೇಜಿನ ಮೇಲೆ ಎಳೆದರು, ಮುಚ್ಚಳದ ಜಾಲರಿಯ ಮೇಲೂ ಎಳೆದರು. ಅರವತ್ತು ವರ್ಷದ ಕೈ ಅಭ್ಯಾಸ ಬಿಡುತ್ತದೆಯೇ? ನಾಲ್ಕು ಮೂಲೆಗೂ ಒಂದೊಂದು ಪದ್ಮ ಬಿಡಿಸಿದರು.

ಸಂಜೆ ಭಾವ ಬಂದು, ಕೆಳಗಿಳಿದು, ಅಲ್ಲೇ ನಿಂತುಬಿಟ್ಟರಂತೆ.

"ಅತ್ತೆ, ರಂಗೋಲಿ ಹಾಕಿದೀರಾ?" ಪದ್ಮವೊಂದರ ಮೇಲೆ ಬಗ್ಗಿ ನೋಡಿದರಂತೆ. "ನಮ್ಮ ಬಾಣಂತಿಗೆ?"

"ಬಾಣಂತಿ ಯಾರು?" ಎಂದರು ಅಮ್ಮ. ಅವರ ಕೈಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು. ಭಾವ ಅದನ್ನು ನೋಡಿದರು.

ಬೈಯಲಿಲ್ಲ. ಅಂಗಿಯ ತೋಳು ಮಡಿಸಿ, ಮುಚ್ಚಳ ಹೊರಗೊಯ್ದು, ಮೇಲಿನ ಮರಳನ್ನು ಚಮಚದಲ್ಲಿ ತೆಗೆಯತೊಡಗಿದರು. ಪುಡಿ ಒಳಗೆ ಉದುರಿತ್ತು. ಬಿಲದ ಬಾಯಲ್ಲಿ ಮೂರು ಮರಿಗಳು ಸತ್ತಿದ್ದವು.

"ಅಜ್ಜಿ, ಶಿ ಇಸ್ ಎ ಮದರ್," ಎಂದಳು ಅಕ್ಕನ ಮಗಳು. "ಶಿ ಫೀಡ್ಸ್ ದೆಮ್. ಲೈಕ್, ಫಾರ್ ನೈನ್ ಮಂತ್ಸ್."

"ಹೆತ್ತ ಮೇಲೆ ಒಂಬತ್ತು ತಿಂಗಳಾ?"

"ಯಾ."

ಅಮ್ಮ ಮೇಲೆ ಹೋದರು. ಒದ್ದೆ ಬಟ್ಟೆ ತಂದು ತಮ್ಮ ಪದ್ಮಗಳನ್ನು ತಾವೇ ಒರೆಸಿದರು.

ಬಿಲ ಅಗೆದು ನೋಡುವಂತಿಲ್ಲ, ಅಗೆದರೆ ತಾಯಿ ಬೆದರುತ್ತದೆ. ಬಿಲದ ಬಾಯಲ್ಲಿ ಎಲೆಯಿಟ್ಟು ಕಾಯಬೇಕು. ತಾಯಿ ಬದುಕಿದ್ದರೆ ಎಲೆ ಒಳಗೆ ಹೋಗುತ್ತದೆ. ಹೋಗದಿದ್ದರೆ, ಆ ಹದಿನೈದು ಮರಿಗಳೂ ಹೆಚ್ಚು ದಿನ ಉಳಿಯುವುದಿಲ್ಲ. ಸಂಜೆ ಎಲೆ ಇಡುವ ಕೆಲಸವನ್ನು ಅಮ್ಮ ಯಾರನ್ನೂ ಕೇಳದೆ ವಹಿಸಿಕೊಂಡರು. ಬೆಳಿಗ್ಗೆ ಕಾಫಿಗೆ ಮೊದಲು ಇಳಿದು ನೋಡುವರು. ಎಲೆ ಇಟ್ಟಲ್ಲೇ ಇರುತ್ತಿತ್ತು. ಮೊದಲ ದಿನ, ಎರಡನೆಯ ದಿನ, ಮೂರನೆಯ ದಿನ. ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. "ಇವರಿಬ್ಬರ ನಡುವೆ ಕೂತು ಊಟ ಮಾಡಕ್ಕಾಗ್ತಿಲ್ಲ, ಬಾರೋ" ಎಂದು ಅಕ್ಕ ಫೋನ್ ಮಾಡಿದಳು. ನಾನು ಶುಕ್ರವಾರ ಆಫೀಸಿನಿಂದಲೇ ಡೆಟ್ರಾಯಿಟ್ ಕಡೆ ಹೊರಟೆ.

ಶನಿವಾರ ಬೆಳಿಗ್ಗೆ ಕೆಳಗಿನಿಂದ ಅಮ್ಮನ ದನಿ ಕೇಳಿತು.

"ಅಳಿಯಂದಿರೇ, ತಗೊಂಡ್ಲು."

ಭಾವ ಎರಡೆರಡು ಮೆಟ್ಟಿಲು ಹಾರಿ ಇಳಿದರು, ಹಿಂದೆ ನಾನು. ಎಲೆ ಇರಲಿಲ್ಲ. ಮರಳಿನ ಮೇಲೆ ಅದನ್ನು ಎಳೆದುಕೊಂಡು ಹೋದ ಗೀರು ಮಾತ್ರ ಇತ್ತು. ಭಾವ ಕಾರಿನ ಕಿರುಗುಟ್ಟಿಗೆ ಕಿವಿಗೊಡುವಂತೆ ಗಾಜಿಗೆ ಕಿವಿ ಆನಿಸಿ ಕೂತರು. "ಅಗೀತಿದೆ," ಎಂದರು ಮೆಲ್ಲಗೆ. "ಒಂದಲ್ಲ, ತುಂಬಾ ಇವೆ." ನನಗೇನೂ ಕೇಳಿಸಲಿಲ್ಲ. ಅವರಿಗೆ ಕೇಳಿಸಿತೆಂದೇ ಇಟ್ಟುಕೊಳ್ಳೋಣ.

ತೊಟ್ಟಿಗೆ ಅಂಟಿಸಿದ್ದ ಬಾತುಕೋಳಿಯನ್ನು ಅಮ್ಮ ನೋಡುತ್ತಿದ್ದರು. ಅದರ ಬಣ್ಣ ಹೋಗಿ ಬಿಳಿಚಿಕೊಂಡಿದೆ, ಕೊಕ್ಕು ಮುರಿದಿದೆ.

"ಇದೇನಾ ಅದು?"

"ಹೂಂ ಅತ್ತೆ."

ಇಲ್ಲಿಂದಾಚೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನಾನು ಎರಡಡಿ ದೂರದಲ್ಲೇ ನಿಂತಿದ್ದರೂ. ಅಮ್ಮ ಅದರ ಅಂಕಿಯನ್ನು ಓದಲಿಲ್ಲ, ಕನ್ನಡಕವನ್ನು ಮೇಲೇ ಬಿಟ್ಟು ಬಂದಿದ್ದರು. ಅಂಗೈಯನ್ನು ಗಾಜಿನ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದರು.

"ಹಿತವಾಗಿದೆ ಅಳಿಯಂದಿರೇ," ಎಂದರು. "ಆಗಲೂ ಹಿತವಾಗೇ ಇದ್ದಿರ್ಬೇಕು."