ಮರಿಪೋಸಾಳ ಮೇಲಿನ ಎರಡು ಹೆಜ್ಜೆ

ನಲವತ್ತು ವರ್ಷ ತೊಗಲಿನ ಜೊತೆಯಲ್ಲೇ ಬಾಳಿದವನಿಗೆ ತೊಗಲು ಶುಚಿ ಮಾಡುವುದನ್ನು ಹೇಳಿಕೊಡಲು ಜನ ಬರುತ್ತಾರೆಂದರೆ ಕಾಲ ಎಷ್ಟು ಕೆಟ್ಟಿರಬೇಡ! ಅನ್ಸೆಲ್ಮೊಗೆ ಆದ ಅವಮಾನ ಅಂಥದ್ದು. ಬಂದವಳು ಹೊರಗಿನವಳೂ ಅಲ್ಲ, ತೀರಿಹೋದ ಹೆಂಡತಿ ಒಲಿಂಡಾಳ ತಂಗಿ ನೆಲಿಡಾ. ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಮೂಗು ಹಿಡಿದುಕೊಂಡಿದ್ದಳು.

"ಭಾವ, ಇದೇನು ವಾಸನೆ? ಮಂಚದ ಕೆಳಗೆ ಏನಾದ್ರೂ ಸತ್ತಿದೆಯಾ?"

"ಸತ್ತು ಮೂವತ್ತು ವರ್ಷ ಆಯ್ತು. ನಿನಗೆ ಈಗ ವಾಸನೆ ಬಂತಾ?"

ಇಬ್ಬರೂ ನೋಡುತ್ತಿದ್ದದ್ದು ಮರಿಪೋಸಾಳನ್ನು. ಬಿಳಿ ಮೈಯ ಮೇಲೆ ಕೆಂದು ಮಚ್ಚೆಗಳಿದ್ದ ಹಸು. ಭುಜದ ಮೇಲಿನ ಒಂದು ಮಚ್ಚೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತಿತ್ತು, ಅವರ ಭಾಷೆಯಲ್ಲಿ ಮರಿಪೋಸಾ ಎಂದರೆ ಚಿಟ್ಟೆ, ಅದಕ್ಕೇ ಆ ಹೆಸರು. ತಾಯಿ ಸತ್ತ ಕರುವನ್ನು ಒಲಿಂಡಾ ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಹದಿನಾಲ್ಕು ವರ್ಷ ಹಾಲು ಕರೆದು, ಒಂದು ಕೆಟ್ಟ ಚಳಿಗಾಲದಲ್ಲಿ ಅದು ಸತ್ತಾಗ ಹಳ್ಳಕ್ಕೆ ಎಳೆಯಲು ಬಿಡಲಿಲ್ಲ. ತೊಗಲನ್ನು ತಕ್ವಾರೆಂಬೊ ಪೇಟೆಗೆ ಕಳಿಸಿ ಹದ ಮಾಡಿಸಿ ತಂದು, ಮಂಚದ ಕೆಳಗೆ ಅಡ್ಡಲಾಗಿ ಹಾಸಿದಳು. ಒಂದು ತುದಿ ಗಂಡನ ಕಡೆಗೆ ಚಾಚಿತ್ತು, ಇನ್ನೊಂದು ಅವಳ ಕಡೆಗೆ.

ಒಲಿಂಡಾ ಹೋಗಿ ಎಂಟು ತಿಂಗಳಾಗಿತ್ತು. ಅವಳ ಕಡೆಯ ತುದಿಯಲ್ಲಿ ಕೂದಲು ಸವೆದು ಎರಡು ಬೋಳು ಗುರುತುಗಳಿದ್ದವು. ಮಣ್ಣು ಕೊಟ್ಟು ಬಂದ ದಿನ ಅವನ ಕಣ್ಣಿಗೆ ಬಿದ್ದಿದ್ದವು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಅವಳು ಕಾಲೂರಿ ಎದ್ದ ಜಾಗ! ಅಂದಿನಿಂದ ಅನ್ಸೆಲ್ಮೊ ಆ ಹಾಸಿನ ಮೇಲೆ ಕಾಲಿಟ್ಟವನಲ್ಲ. (ತನ್ನ ಕಡೆ ತುಳಿದರೂ ತೊಗಲು ಜಗ್ಗಿ ಆ ಕಡೆಯ ಹೆಜ್ಜೆ ಕದಲೀತು ಎಂಬುದು ಅವನ ಘನ ಸಿದ್ಧಾಂತ.) ಬೆಳಿಗ್ಗೆ ಹಾಸಿಗೆಯಲ್ಲೇ ತೆವಳಿ, ಕಾಲುಗಡೆಯಿಂದ ಇಳಿಯುತ್ತಿದ್ದ. ಪ್ರತಿದಿನವೂ ಮಂಚದ ಕಬ್ಬಿಣದ ಮೂಲೆಗೆ ತೊಡೆ ಬಡಿಯುತ್ತಿತ್ತು. ಅಲ್ಲೊಂದು ನೀಲಿ ಕಲೆ ಖಾಯಂ ಆಗಿತ್ತು.

"ಬೂಸ್ಟು ಹಿಡಿದಿದೆ," ಅಂದಳು ನೆಲಿಡಾ. "ಅಕ್ಕ ಶನಿವಾರ ಶನಿವಾರ ಹೊರಗೆ ಕೊಡವ್ತಿದ್ಲು. ನೀರಿಗೆ ಚೂರು ವಿನೆಗರ್ ಹಾಕಿ, ಬಟ್ಟೆ ಹಿಂಡಿ, ಕೂದಲು ಮಲಗಿದ ಕಡೆಗೇ ಒರೆಸಿ ನೆರಳಲ್ಲಿ ಹಾಕ್ತಿದ್ಲು. ನೀವು ನೋಡೇ ಇಲ್ವಾ?"

"ನಾನು ರೇಡಿಯೋ ಕೇಳ್ತಿದ್ದೆ."

"ಹೌದು ಬಿಡಿ, ದೇಶ ನಡೆಸಬೇಕಿತ್ತಲ್ಲ! ನೋಡಿ ಭಾವ, ಅಕ್ಕ ಹೋಗೋ ಮುಂಚೆ ನನ್ನ ಕೈ ಹಿಡಿದು ಹೇಳಿದಾಳೆ, ಅವರ ಕೈಲಿ ಆಗದಿದ್ರೆ ಮರಿಪೋಸಾನ ನೀನು ಕರ್ಕೊಂಡು ಹೋಗು ಅಂತ. ಭಾನುವಾರ ಬರ್ತೀನಿ. ಹೀಗೇ ಇದ್ರೆ ಸುತ್ತಿ ಬಂಡಿಗೆ ಹಾಕ್ತೀನಿ."

"ನನ್ನ ಚಾಕುವಿನ ಕೆಳಗೆ ಎಷ್ಟು ಸಾವಿರ ತೊಗಲು ಹೋಗಿವೆ ಗೊತ್ತೇನೆ? ವಿನೆಗರ್ ಅಂತೆ! ಇದೇನು ಸೊಪ್ಪಿನ ಪಲ್ಯವೇ?"

ಅವಳು ಹೋದ ಮೇಲೆ ಮಾತ್ರ ಅವನಿಗೆ ಹೊಳೆಯಿತು. ಹಾಸು ಹೋದರೆ ಹೆಜ್ಜೆಗಳೂ ಹೋಗುತ್ತವೆ.

ಮರುದಿನ ಮಹಾಕಾರ್ಯ ಆರಂಭವಾಯಿತು. ತಾನು ದುಡಿದ ದನದ ಎಸ್ಟೇಟಿನಲ್ಲಿ ಹಸಿ ತೊಗಲಿಗೆ ಮಾಡುತ್ತಿದ್ದುದನ್ನೇ ಅನ್ಸೆಲ್ಮೊ ಮಾಡಿದ. ಮರಿಪೋಸಾಳನ್ನು ಕುದುರೆ ತೊಟ್ಟಿಯಲ್ಲಿ ಮುಳುಗಿಸಿ, ಬಟ್ಟೆ ಸೋಪು ಉಜ್ಜಿ, ಹಗಲಿಡೀ ನೆನೆಹಾಕಿದ. ಬೋಳು ಗುರುತುಗಳ ಮೇಲೆ ಮಾತ್ರ ಸೋಪು ತಾಗಿಸದೆ, ಮಗುವಿನ ಮುಖ ತೊಳೆಯುವ ಹಾಗೆ ಅಂಗೈಯಲ್ಲಿ ನೀರು ಸವರಿದ. ಆಮೇಲೆ ಅಂಗಳದಲ್ಲಿ ಹದಿನಾರು ಗೂಟ ಹೊಡೆದು, ತೊಗಲನ್ನು ನಗಾರಿಯಂತೆ ಬಿಗಿದು ಬಿಸಿಲಿಗೆ ಬಿಟ್ಟ. ಪಕ್ಕದಲ್ಲಿ ಕೂತು ಮಾಟೆ ಸೊಪ್ಪು ಹಾಕಿದ ಸೋರೆಬುರುಡೆಗೆ ಬಿಸಿನೀರು ತುಂಬಿಸಿ ಹೀರುತ್ತ, ಪರವಾಗಿಲ್ಲ, ಕೈ ಇನ್ನೂ ಮರೆತಿಲ್ಲ ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ.

ಹಸಿ ತೊಗಲು ಒಣಗಿ ಗಟ್ಟಿಯಾಗಬೇಕು, ಅದರಿಂದ ಹಗ್ಗ ಕೊಯ್ಯಬೇಕು, ಸರಿ. ಹದ ಮಾಡಿದ ಹಾಸು ಗಟ್ಟಿಯಾದರೆ?

ಶನಿವಾರ ಗೂಟ ಕಿತ್ತಾಗ ಮರಿಪೋಸಾ ಮಡಚಲಿಲ್ಲ, ಬಾಗಲಿಲ್ಲ. ಎತ್ತಿದರೆ ಬಾಗಿಲಿನ ಹಲಗೆಯ ಹಾಗೆ ಎದ್ದು ಬಂದಳು. ಗೋಡೆಗೆ ಒರಗಿಸಿದರೆ ತನ್ನಷ್ಟಕ್ಕೇ ನಿಂತಳು. ಮಂಚದ ಕೆಳಗೆ ತೂರಿಸಲು ಹೋದರೆ ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆ ಟಪ್ಪೆಂದು ಎದ್ದಳು. ಬದುಕಿದ್ದಾಗಲೂ ಇಷ್ಟು ಹಟ ಮಾಡಿದ ಹಸುವಲ್ಲ ಅದು.

"ತಾಯಿ, ಮಲಗೇ," ಎಂದು ಅಂಗಲಾಚಿದ. ಮಲಗಲಿಲ್ಲ.

ಭಾನುವಾರ ಮಧ್ಯಾಹ್ನ ನೆಲಿಡಾ ಬಿಸಿ ರವಿಯೋಲಿ ಕಡುಬಿನ ಪಾತ್ರೆ ಹಿಡಿದು ಬಂದಾಗ ಅಡುಗೆಮನೆಯಲ್ಲಿ ಊಟಕ್ಕೆ ಎಲ್ಲ ಅಣಿಯಾಗಿತ್ತು. ಬಿಳಿ ಬಟ್ಟೆ ಹೊದ್ದ ಉದ್ದನೆಯ ಮೇಜು.

"ಹೊಸ ಮೇಜಾ ಭಾವ? ಹಳೇದು?"

"ಕಾಲು ಮುರೀತು."

"ಹಾಸು?"

"ಒಣಗ್ತಿದೆ. ಮೊದಲು ಊಟ ಮಾಡು, ಆರಿಹೋಗುತ್ತೆ."

ಊಟ ಶುರುವಾಯಿತು. ಪಾತ್ರೆಯ ಬಿಸಿಗೆ ಮೆಲ್ಲಗೆ ಕೊಟ್ಟಿಗೆಯ ವಾಸನೆ ಏಳತೊಡಗಿತು. ಅನ್ಸೆಲ್ಮೊ ಗಟ್ಟಿಯಾಗಿ ಹವಾಮಾನದ ವಿಚಾರ ಎತ್ತಿದ. ನೆಲಿಡಾ ಮುಳ್ಳುಚಮಚ ಕೆಳಗಿಟ್ಟು, ಮೇಜುಬಟ್ಟೆಯ ಅಂಚಿನತ್ತ ಕಣ್ಣು ನೆಟ್ಟಳು.

"ಭಾವ."

"ಏನು?"

"ನಿಮ್ಮ ಮೇಜಿಗೆ ಬಾಲ ಇದೆ."

ಬಟ್ಟೆ ಎಳೆದಾಗ ಮರಿಪೋಸಾ ಎರಡು ಹಣ್ಣಿನ ಪೆಟ್ಟಿಗೆಗಳ ಮೇಲೆ ನಾಲ್ಕು ಕಾಲು ಚಾಚಿ ಮಲಗಿದ್ದಳು. ನೆಲಿಡಾ ಬಾಯಿ ತೆರೆದಳು. ಬೈಗುಳದ ಮಳೆಗೆ ಅನ್ಸೆಲ್ಮೊ ತಲೆ ತಗ್ಗಿಸಿ ಕಾದ. ಆದರೆ ಬೈಗುಳಕ್ಕಿಂತ ಮೊದಲು ಅವನ ಕಣ್ಣಿನಿಂದಲೇ ನೀರು ಬಂತು.

"ಬೇಕಿದ್ರೆ ಎಲ್ಲ ತಗೊಂಡು ಹೋಗು," ಅಂದ. "ಈ ತುದಿ ಮಾತ್ರ ಕೊಯ್ದು ಕೊಡು. ಇಲ್ಲಿ ಅವಳ ಹೆಜ್ಜೆ ಇದೆ. ನೋಡು, ಎರಡೂ ಕಾಲು. ನಾನು ಸೋಪು ಕೂಡ ತಾಗಿಸಿಲ್ಲ ನೆಲಿಡಾ."

ನೆಲಿಡಾ ಬಗ್ಗಿ ನೋಡಿದಳು. ಗುರುತಿನ ಮೇಲೆ ತನ್ನ ಚಪ್ಪಲಿಯನ್ನಿಟ್ಟು ಅಳೆದಳು. ಇನ್ನೂ ನಾಲ್ಕು ಬೆರಳು ಜಾಗ ಉಳಿಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ನನ್ನ ಭಾವ! ಅಕ್ಕನ ಕಾಲು ನನಗಿಂತ ಚಿಕ್ಕದು. ಇದರಲ್ಲಿ ಕುದುರೆ ನಿಲ್ಲಬಹುದು! ಇದು ನಿಮ್ಮ ಬೂಟು!"

"ಇದು ಅವಳ ಕಡೆ ಇತ್ತು!"

"ಚಿಟ್ಟೆ ಯಾರ ಕಡೆ ಇತ್ತು, ಹೇಳಿ?"

ಅನ್ಸೆಲ್ಮೊ ಯೋಚಿಸಿದ. "ನನ್ನ ಕಡೆ."

"ಮೊದಲಿಂದ್ಲೂ?"

ಮೊದಲು ಅದು ಕಿಟಕಿಯ ಕಡೆ, ಒಲಿಂಡಾಳ ಕಡೆ ಇದ್ದದ್ದು ಈಗ ನೆನಪಾಯಿತು. ಯಾವಾಗ ಈಚೆ ಬಂತೋ ಅವನು ನೋಡಿರಲಿಲ್ಲ.

ನೆಲಿಡಾ ನಗು ನಿಲ್ಲಿಸಿದಳು. "ನಿಮ್ಮ ಕಡೆ ಸವೆದು ಬೋಳಾಯ್ತು, ಚಳಿಗೆ ನಿಮ್ಮ ಕಾಲು ಕೊರೆಯುತ್ತೆ ಅಂತ ಹೋದ ವರ್ಷ ತಿರುಗಿಸಿ ಹಾಕಿದ್ಲು. ಚಿಟ್ಟೆನೂ ನಿಮಗೇ ಕೊಟ್ಲು."

"ಮತ್ತೆ ಅವಳ ಹೆಜ್ಜೆ?"

"ಅವಳದ್ದೆಲ್ಲಿ? ಸೀಸೆ ಹಾಲು ಕುಡಿಸಿದ ಕೂಸನ್ನ ತುಳೀತಾಳಾ? ಒಂದು ದಿನವೂ ಕಾಲಿಡಲಿಲ್ಲ. ಮಂಚದ ಕಾಲುಗಡೆಯಿಂದ ಇಳೀತಿದ್ಲು. ಆ ಕಬ್ಬಿಣದ ಮೂಲೆಗೆ ಬಡಿಸಿಕೊಂಡು ತೊಡೆಯೆಲ್ಲ ನೀಲಿ."

ಆ ನೀಲಿ ಕಲೆ ಅನ್ಸೆಲ್ಮೊಗೆ ಗೊತ್ತಿತ್ತು. ಮೂವತ್ತು ವರ್ಷ ಅದನ್ನು ನೋಡಿ 'ಕುರುಡು ಕೋಳಿ' ಎಂದು ಚುಡಾಯಿಸಿದ್ದವನು ಅವನೇ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಅವನ ಕೈ ತಾನಾಗಿಯೇ ಪ್ಯಾಂಟಿನ ಮೇಲಿಂದ ತನ್ನ ತೊಡೆಯನ್ನು ಮುಟ್ಟಿ ನೋಡಿಕೊಂಡಿತು.

ನೆಲಿಡಾ ಹಾಸನ್ನು ಒಯ್ಯಲಿಲ್ಲ. ಒಲೆಯ ಪಕ್ಕದಿಂದ ಕೊಬ್ಬಿನ ಡಬ್ಬಿ ತಂದು, ಅಂಗಿಯ ತೋಳು ಮಡಚಿ, ಮರಿಪೋಸಾಳನ್ನು ಮಗುಚಿಹಾಕಿದಳು. "ಉಜ್ಜಿ. ಮೆತ್ತಗಾಗೋಕೆ ತಿಂಗಳಾಗುತ್ತೆ. ಮೆತ್ತಗೆ ಉಜ್ಜಿ ಭಾವ, ಕುದುರೆಗೆ ಜೀನು ಬಿಗೀತಿದ್ದೀರಾ?"

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಮಂಚದ ಎರಡೂ ಕಡೆ ಬರಿಯ ನೆಲ. ಹಾಸು ಅಡುಗೆಮನೆಯಲ್ಲಿ ಕೊಬ್ಬು ಕುಡಿಯುತ್ತ ಬಿದ್ದಿತ್ತು. ಎಲ್ಲಿಂದ ಬೇಕಾದರೂ ಇಳಿಯಬಹುದಿತ್ತು. ಆದರೂ ಅನ್ಸೆಲ್ಮೊ ಕಾಲುಗಡೆಗೇ ತೆವಳಿದ. ಕಬ್ಬಿಣದ ಮೂಲೆ ಸರಿಯಾಗಿ ಆ ನೀಲಿ ಕಲೆಯ ಮೇಲೆಯೇ ಬಡಿಯಿತು.

"ಕುರುಡು ಕೋಳಿ," ಎಂದುಕೊಂಡ, ತೊಡೆ ಉಜ್ಜುತ್ತ. ನಗಲು ನೋಡಿದ. ಅವಳಷ್ಟು ಚೆನ್ನಾಗಿ ಬರಲಿಲ್ಲ.