ನೂರೈವತ್ತೊಂದನೆಯ ತಲೆ

ಪ್ಲಮ್ ಫೋರ್ಕಿನ ಜನ ಮೂರು ವರ್ಷ ಹಲ್ಲುನೋವು ನುಂಗಿಕೊಂಡು ಬೇಡಿದ ವರ ಸೆಪ್ಟೆಂಬರಿನ ಕೊನೆಯ ಶುಕ್ರವಾರ ಬೆಳಿಗ್ಗೆ ಈಡೇರಿತು. ಊರಿಗೊಬ್ಬ ದಂತವೈದ್ಯ ಬಂದ. ಡ್ವೇನ್ ಕುಚೆರಾನ ಗ್ರಹಚಾರ ಕೆಟ್ಟದ್ದೂ ಅಲ್ಲಿಂದಲೇ.

ವೈದ್ಯನ ಜೊತೆ ಅವನ ಮಗಳೂ ಬಂದಿದ್ದಳು. ಹೆಸರು ಇಂಗ್ರಿಡ್, ವಯಸ್ಸು ಹದಿನೈದು, ಕೈಯಲ್ಲಿ ಪಿಟೀಲಿನ ಪೆಟ್ಟಿಗೆ. ಏಳು ಗಂಟೆ ನಲವತ್ತು ನಿಮಿಷಕ್ಕೆ ಹೈಸ್ಕೂಲಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದು, "ಇಲ್ಲಿ ಸೇರ್ಕೋಬೇಕಿತ್ತು" ಎಂದಳು. ಕಚೇರಿಯ ಬರ್ನಡೀನ್ ಎರಡೇ ನಿಮಿಷದಲ್ಲಿ ಅವಳ ಹೆಸರನ್ನು ಕಂಪ್ಯೂಟರಿಗೆ ಹಾಕಿದಳು. ಇಪ್ಪತ್ತಾರು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿರುವ ಬರ್ನಡೀನ್ ಯಾವ ಕೆಲಸವನ್ನೂ ಇಷ್ಟು ಬೇಗ ಮುಗಿಸಿದ್ದನ್ನು ಕಂಡವರಿಲ್ಲ.

ಭೂಗೋಳದ ಮೇಷ್ಟರೂ ಫುಟ್‌ಬಾಲ್ ತಂಡದ ಕೋಚೂ ಆದ ಡ್ವೇನ್ ಕಾಫಿ ಲೋಟ ಹಿಡಿದು ಕಚೇರಿಗೆ ಕಾಲಿಟ್ಟಾಗ ಹುಡುಗಿ ಆಗಲೇ ತರಗತಿಯಲ್ಲಿದ್ದಳು.

"ಬರ್ನಡೀನಮ್ಮ, ಅವಳನ್ನ ಇವತ್ತೇ ಯಾಕ್ರೀ ಸೇರಿಸ್ಕೊಂಡ್ರಿ?"

"ಇವತ್ತೇ ಬಂದ್ಲು, ಇವತ್ತೇ ಸೇರಿಸ್ಕೊಂಡೆ."

"ಈಗ ಒಟ್ಟು ಎಷ್ಟಾಯ್ತು?"

"ನೂರೈವತ್ತೊಂದು."

ಡ್ವೇನನ ಲೋಟ ವಾಲಿತು. ಕಾಫಿ ಅರ್ಧ ನೆಲದ ಪಾಲಾಯಿತು.

ಆ ರಾಜ್ಯದಲ್ಲಿ ಹೈಸ್ಕೂಲುಗಳ ಆಟಕ್ಕೆ ವರ್ಗಗಳುಂಟು. ನಗರದ ಭಾರಿ ಶಾಲೆಗಳ ಎ ವರ್ಗ ಬಿಟ್ಟರೆ, ಮಕ್ಕಳು ಹೆಚ್ಚಿರುವ ಶಾಲೆಗಳು ಬಿ ವರ್ಗ, ಕಡಿಮೆ ಇರುವವು ಸಿ ವರ್ಗ. ದೊಡ್ಡವರು ದೊಡ್ಡವರೊಡನೆ, ಸಣ್ಣವರು ಸಣ್ಣವರೊಡನೆ ಆಡಲಿ ಎಂಬ ನ್ಯಾಯ. ನ್ಯಾಯವೇನೋ ಒಳ್ಳೆಯದೇ, ಆದರೆ ಅದಕ್ಕೂ ಎಲ್ಲೋ ಒಂದು ಗೆರೆ ಬೇಕಲ್ಲ. ಎರಡು ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಕೊನೆಯ ಶುಕ್ರವಾರ ಸಂಜೆ ನಾಲ್ಕಕ್ಕೆ, ಪ್ರತಿ ಶಾಲೆಯೂ ತನ್ನಲ್ಲಿ ಎಷ್ಟು ತಲೆಗಳಿವೆ ಎಂದು ರಾಜಧಾನಿಯ ಕ್ರೀಡಾ ಮಂಡಳಿಗೆ ತಿಳಿಸಬೇಕು. ಹಿಂದಿನ ಸಲ ಗೆರೆ ಬಿದ್ದದ್ದು ನೂರೈವತ್ತಕ್ಕೆ. ಪ್ಲಮ್ ಫೋರ್ಕಿನಲ್ಲಿ ಆಗ ನೂರೈವತ್ತೆರಡು ಮಕ್ಕಳಿದ್ದರು. ಇಬ್ಬರ ದೆಸೆಯಿಂದ ಬಿ ವರ್ಗಕ್ಕೆ ಬಿದ್ದ ಶಾಲೆ, ಮುನ್ನೂರು ನಾನ್ನೂರು ಮಕ್ಕಳ ಶಾಲೆಗಳೊಡನೆ ಸೆಣಸಿ ಹದಿಮೂರು ಪಂದ್ಯ ಒಂದೇ ಸಮನೆ ಸೋತಿತ್ತು. ಹೋದ ವಾರದ್ದು ಅರವತ್ತೆರಡಕ್ಕೆ ಸೊನ್ನೆ. ಅಲ್ಲಿನ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವವನನ್ನು ಮೈಮೇಲೆ ಬಿದ್ದು ಕೆಡವುವ ಆಟ; ಈ ಒಂದು ತಿಂಗಳಲ್ಲೇ ಮೂವರು ಹುಡುಗರ ಮೂಳೆ ಮುರಿದಿತ್ತು.

ಶಾಲಾ ಸಮಿತಿಯ ಅಧ್ಯಕ್ಷ ಗೇಲನ್ ಪೊಸ್ಪಿಶಿಲ್ ಸಭೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದ: "ಮಕ್ಕಳನ್ನ ಆಸ್ಪತ್ರೆಗೆ ಕಳಿಸೋಕೆ ನಾವು ಶಾಲೆ ನಡೆಸ್ತಿಲ್ಲ. ಇನ್ನೆರಡು ವರ್ಷ ಬಿ ವರ್ಗ ಅಂತಾದ್ರೆ ತಂಡ ಮುಚ್ಚಿಬಿಡೋಣ." ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅದು ಡ್ವೇನನ ಅಜ್ಜ ಆಡಿದ ತಂಡ, ಅಪ್ಪ ಆಡಿದ ತಂಡ, ಅವನೂ ಆಡಿದ ತಂಡ. ಸಿನಿಮಾ ಮಂದಿರ ಮುಚ್ಚಿ, ರೈಲು ನಿಲ್ಲುವುದು ತಪ್ಪಿ, ಊರೆಂದು ಹೇಳಿಕೊಳ್ಳಲು ಉಳಿದಿದ್ದದ್ದು ಶುಕ್ರವಾರದ ಪಂದ್ಯ ಒಂದೇ. ಅದೂ ತನ್ನ ಕೈಯಲ್ಲೇ ಸಾಯುತ್ತದಲ್ಲ ಎಂಬ ಸಂಕಟ ಡ್ವೇನನನ್ನು ಒಳಗೊಳಗೇ ತಿನ್ನುತ್ತಿತ್ತು. ನಿನ್ನೆ ಸಂಜೆ ಲೆಕ್ಕ ಸರಿಯಾಗಿ ನೂರೈವತ್ತಿತ್ತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನು ಕಣ್ತುಂಬ ನಿದ್ದೆ ಮಾಡಿದ್ದ.

"ಸೋಮವಾರ ಬಂದಿದ್ದಾಳೆ ಅಂತ ಬರ್ಕೊಳ್ಳಿ ಬರ್ನಡೀನಮ್ಮ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ," ಎಂದಳು ಬರ್ನಡೀನ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಯಾರೋ ಅವಳನ್ನು ನೋಡಿಯೇ ಕಟ್ಟಿರಬೇಕು.

ಡ್ವೇನ್ ನೇರವಾಗಿ ವೈದ್ಯನ ಹತ್ತಿರ ಓಡಿದ. ಹಳೆಯ ಕಬ್ಬಿಣದಂಗಡಿಯಲ್ಲಿ ಹೊಸ ದವಾಖಾನೆ, ಇನ್ನೂ ಪೆಟ್ಟಿಗೆಗಳನ್ನೇ ಬಿಚ್ಚಿರಲಿಲ್ಲ. ಮೊದಲನೆಯ ರೋಗಿ ಆಗಲೇ ಕುರ್ಚಿಯಲ್ಲಿದ್ದ. ಎಡಗೆನ್ನೆ ಬನ್ನಿನಂತೆ ಊದಿಸಿಕೊಂಡ ಗೇಲನ್. ಡ್ವೇನ್ ಅವನ ಕಿವಿಯಲ್ಲಿ ವಿಷಯ ಉಸುರಿದ. ಗೇಲನ್ ಅಧ್ಯಕ್ಷರ ಗತ್ತು ತಂದುಕೊಂಡು ಗಂಟಲು ಸರಿಮಾಡಿಕೊಂಡ.

"ಡಾಕ್ಟ್ರೇ, ಊರಿನ ಪರವಾಗಿ ಒಂದು ಸಣ್ಣ ಉಪಕಾರ..."

"ಬಾಯಿ ತೆಗೀರಿ," ಎಂದರು ಡಾಕ್ಟರ್ ಹಾಲ್ವರ್ಸನ್.

ಬಾಯಿ ತೆಗೆದದ್ದೇ ಅಧ್ಯಕ್ಷಗಿರಿ ಮುಗಿಯಿತು. ಉಳಿದದ್ದನ್ನು ಡ್ವೇನನೇ ಹೇಳಬೇಕಾಯಿತು.

"ನಿಮ್ಮ ಮಗಳನ್ನ ಸೋಮವಾರ ಸೇರಿಸಿದ್ರೆ ಹೇಗೆ ಅಂತ."

"ಯಾಕೆ? ಶಾಲೇಲಿ ಜಾಗ ಇಲ್ವಾ?"

"ಜಾಗ ಬೇಕಾದಷ್ಟಿದೆ ಡಾಕ್ಟ್ರೇ. ಲೆಕ್ಕದಲ್ಲಿ ಇಲ್ಲ."

ಡಾಕ್ಟರು ಸೂಜಿ ಹಿಡಿದುಕೊಂಡೇ ಇತ್ತ ತಿರುಗಿದರು. "ಮೇಷ್ಟ್ರೇ, ಮೂರು ವರ್ಷದಿಂದ ನಿಮ್ಮೂರಿನೋರು ಕಾಗದ ಬರೆದೂ ಬರೆದೂ ನನ್ನನ್ನ ಕರೆಸ್ಕೊಂಡ್ರಿ. ಬಂದ ಮೊದಲನೇ ದಿನಾನೇ ನನ್ನ ಮಗಳು ಹೆಚ್ಚಾಗಿಬಿಟ್ಲಾ? ಅವಳು ಶಾಲೆ ಬಿಟ್ರೆ ನಾನು ಊರು ಬಿಡ್ತೀನಿ. ಇವರ ಹಲ್ಲನ್ನ ನೀವೇ ಕಿತ್ಕೊಳ್ಳಿ."

ಗೇಲನ್ ಗಾಬರಿಯಿಂದ ಡ್ವೇನನ ತೋಳು ಹಿಡಿದು ಬಾಗಿಲ ಕಡೆ ನೂಕಿದ. ಬಾಯಲ್ಲಿ ಸಲಕರಣೆಗಳಿದ್ದವು, ಆದರೂ ಅವನು ಏನು ಹೇಳುತ್ತಿದ್ದಾನೆಂದು ಡ್ವೇನನಿಗೆ ಚೆನ್ನಾಗಿಯೇ ಅರ್ಥವಾಯಿತು.

ಅವತ್ತು ಹೋಮ್‌ಕಮಿಂಗ್ ಬೇರೆ. ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಪಂದ್ಯದ ದಿನ. ಮಧ್ಯಾಹ್ನ ಶಾಲೆಯ ಊಟದ ಮನೆಯಲ್ಲಿ ಕಾಳು, ಮಾಂಸ ಹಾಕಿದ ಖಾರದ ಸಾರಿನ ಜೊತೆ ದಾಲ್ಚಿನ್ನಿ ಬನ್ನು, ಮಕ್ಕಳೆಷ್ಟಿದ್ದರೋ ಊರ ಹಿರಿಯರೂ ಅಷ್ಟೇ ಇದ್ದರು. ನೂರೈವತ್ತೊಂದರ ಸುದ್ದಿ ಸಾರಿಗಿಂತ ಮೊದಲೇ ಎಲ್ಲರಿಗೂ ಬಡಿಸಿಯಾಗಿತ್ತು. ಸಲಹೆ ಕೊಡುವುದಕ್ಕೆ ನಮ್ಮ ಜನ ಎಂದಾದರೂ ಜಿಪುಣತನ ಮಾಡಿದ್ದುಂಟೆ?

"ಆ ಅವಳಿಜವಳಿ ಹುಡುಗರು ಒಂದೇ ಥರ ಇದಾರಲ್ಲ, ಇಬ್ಬರನ್ನೂ ಸೇರಿಸಿ ಒಂದು ಅಂತ ಬರೀರಿ," ಎಂದ ಒಬ್ಬ.

"ಯಾರ್ನಾದ್ರೂ ಒಂದಿನದ ಮಟ್ಟಿಗೆ ಮದುವೆ ಮಾಡಿ ಕಳಿಸಿ," ಎಂದಳು ಕಾಫಿ ಅಂಗಡಿಯ ರೋಸಲಿ. "ನನ್ನ ಕಾಲದಲ್ಲಿ ಹಾಗೇ ಶಾಲೆ ಬಿಡಿಸ್ತಿದ್ರು."

ಅಷ್ಟರಲ್ಲಿ ಗೇಲನ್ ಬಂದ. ಮದ್ದಿನಿಂದ ಅರ್ಧ ಮುಖ ಮರಗಟ್ಟಿ ಮಾತೇ ಹೊರಡುತ್ತಿರಲಿಲ್ಲ. ಹಾಗಾಗಿ ಕೈ ಒರೆಸುವ ಕಾಗದದ ಮೇಲೆ ಮೂರು ಹೆಸರು ಬರೆದು ಡ್ವೇನನ ಮುಂದೆ ತಳ್ಳಿದ. ಮೇಲೆ ತಲೆಬರಹವೂ ಇತ್ತು: 'ಹೋದರೂ ನಷ್ಟವಿಲ್ಲದವರು.'

ಡ್ವೇನ್ ಅದನ್ನು ಮಡಚಿ ಜೇಬಿಗೆ ಹಾಕುವಷ್ಟರಲ್ಲಿ ಸಾರು ಬಡಿಸುತ್ತಿದ್ದ ಡಾರ್ಲಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ್ದಳು. ಎರಡನೆಯ ಹೆಸರು ಅವಳ ಮಗನದು.

ಸೌಟು ಮೇಜಿನ ಮೇಲೆ ಠಣ್ಣೆಂದಿತು.

"ನನ್ನ ಮಗ ಓದೋದ್ರಲ್ಲಿ ನಿಧಾನ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಸು ಕರೆದು ಶಾಲೆಗೆ ಬರ್ತಾನೆ, ಒಂದು ದಿನ ತಪ್ಪಿಸಿಲ್ಲ. ನಷ್ಟ ಇಲ್ವಾ? ಯಾರಿಗೆ ನಷ್ಟ ಇಲ್ಲ?"

"ಡಾರ್ಲಾ, ಇದು ನಾನು ಬರೆದದ್ದಲ್ಲ..."

"ಜೇಬಿಗೆ ಹಾಕ್ಕೊಂಡೋರು ನೀವೇ ತಾನೆ?"

ಡ್ವೇನನಿಗೆ ತಲೆ ಎತ್ತಲಾಗಲಿಲ್ಲ. ಹೌದು, ಹಾಕಿಕೊಂಡಿದ್ದ. ಹರಿದು ಬಿಸಾಡಬಹುದಾಗಿತ್ತು, ಬಿಸಾಡಲಿಲ್ಲ. ಆ ಮೂರು ಹೆಸರಿನಲ್ಲಿ ಯಾರ ಅಪ್ಪ ಸುಲಭವಾಗಿ ಒಪ್ಪಿಯಾನು ಎಂದು ಅವನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಕಳೀಲೇಬೇಕು ಅಂದ್ರೆ ನಿಮ್ಮನೇದನ್ನ ಕಳೀರಿ ಕೋಚ್," ಎಂದಳು ಡಾರ್ಲಾ. "ನಿಮ್ಮನೇಲೂ ಒಂದಿದೆಯಲ್ಲ."

ರೋಸಲಿ, "ಅದೂ ಸರೀನೇ," ಎಂದಳು. ಅಲ್ಲೊಂದು ತಲೆ ಆಡಿತು, ಇಲ್ಲೊಂದು ತಲೆ ಆಡಿತು. ನೀರಿನ ತೊಟ್ಟಿಗೆ ಯಾವ ಬಣ್ಣ ಬಳಿಯಬೇಕು ಎಂಬುದರ ಮೇಲೆ ಏಳು ವರ್ಷದಿಂದ ಜಗಳವಾಡುತ್ತಿದ್ದ ಊರು ಮೊದಲ ಸಲ ಒಂದೇ ಅಭಿಪ್ರಾಯಕ್ಕೆ ಬಂದಿತು.

ಡ್ವೇನನ ಮಗಳು ಟೆಸ್ಸಾ ಹದಿನೇಳರ ಹುಡುಗಿ. ಪಂದ್ಯದ ನಡುವಿನ ವಿರಾಮದಲ್ಲಿ ಮೈದಾನದ ಮಧ್ಯೆ ನಿಲ್ಲಿಸಿ ಕಿರೀಟ ತೊಡಿಸುವುದಕ್ಕೆ ಮಕ್ಕಳೇ ಆರಿಸಿದ ಐವರು ಹುಡುಗಿಯರಲ್ಲಿ ಅವಳೂ ಒಬ್ಬಳು. ಅವಳ ಅಮ್ಮ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಒಂದು ವಾರ ಕೂತು ಹಸಿರು ಉಡುಪು ಹೊಲಿದಿದ್ದಳು. ಮೂರೂವರೆಗೆ ಡ್ವೇನ್ ಶಾಲೆಯ ಒಳಾಂಗಣ ಕ್ರೀಡಾಂಗಣಕ್ಕೆ ಹೋದಾಗ ಟೆಸ್ಸಾ ಏಣಿಯ ಮೇಲೆ ನಿಂತು ಬಣ್ಣದ ಕಾಗದದ ಮಾಲೆ ಕಟ್ಟುತ್ತಿದ್ದಳು. ಅವನು ತಡವರಿಸುತ್ತ ವಿಷಯ ಹೇಳಿದ.

"ನಾನು ಈ ಶಾಲೆಯವಳಲ್ಲ ಅಂದ್ರೆ ಸಂಜೆ ಆ ಸಾಲಲ್ಲಿ ನಿಲ್ಲೋಕಾಗಲ್ಲ, ಅಲ್ವಾ ಅಪ್ಪ?"

"ಆಗಲ್ಲ ಮಗಳೇ."

"ಹುಡುಗರ ಕೈಕಾಲು ಮುರಿಯೋದು ನಿಲ್ಲುತ್ತಾ?"

"ನಿಲ್ಲುತ್ತೆ."

"ಸೋಮವಾರ ವಾಪಸ್ ಬರಬಹುದು ತಾನೆ?"

"ಹೂಂ."

"ಸರಿ ಹಾಗಾದ್ರೆ," ಎಂದು ಅವಳು ಕಟ್ಟುತ್ತಿದ್ದ ಗಂಟನ್ನು ಬಿಗಿ ಮಾಡಿ ಏಣಿ ಇಳಿದಳು. ಅತ್ತಿದ್ದರೆ, ಕೂಗಾಡಿದ್ದರೆ ಡ್ವೇನನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಅದನ್ನೂ ಕೊಡಲಿಲ್ಲ.

ಕಚೇರಿಯಲ್ಲಿ ಬರ್ನಡೀನ್ ಮೂರು ಹಾಳೆ ಮುಂದಿಟ್ಟಳು. 'ಶಾಲೆ ಬಿಟ್ಟು ಮನೆಯಲ್ಲೇ ಓದುವವರು' ಎಂಬ ಬಾಬತ್ತು.

"ಪಾಠ ಹೇಳೋರು ಯಾರು?"

"ನಾನೇ. ಸಂಜೆ ಹೊತ್ತು."

"ಎಲ್ಲಾ ಪಾಠಾನೂ?"

"ಎಲ್ಲಾನೂ."

"ಒಂದ್ಸಲ ಹೊರಗೆ ಹೋದ್ರೆ ಜನವರಿವರೆಗೆ ಒಳಗೆ ಸೇರಿಸ್ಕೊಳ್ಳೋ ಹಾಗಿಲ್ಲ. ಗೊತ್ತು ತಾನೆ?"

ಡ್ವೇನನಿಗೆ ಗೊತ್ತಿರಲಿಲ್ಲ. ಪೆನ್ನು ಹಾಳೆಯ ಮೇಲೇ ನಿಂತಿತು. ಗೋಡೆಯ ಗಡಿಯಾರ ಮೂರು ಐವತ್ತೆರಡು ತೋರಿಸುತ್ತಿತ್ತು. ಕಿಟಕಿಯಾಚೆ ಕಾಲಿಗೆ ಪಟ್ಟಿ ಹಾಕಿಸಿಕೊಂಡ ಹುಡುಗನೊಬ್ಬ ಊರುಗೋಲಿನಲ್ಲಿ ಕುಂಟುತ್ತ ಹೋಗುತ್ತಿದ್ದ. ಡ್ವೇನ್ ರುಜು ಹಾಕಿದ. ಮೂರು ಐವತ್ತೆಂಟಕ್ಕೆ ಬರ್ನಡೀನ್ 'ನೂರೈವತ್ತು' ಎಂದು ಒತ್ತಿ ಕಳಿಸಿದಳು.

ಐದೂವರೆಗೆ ಪಟ್ಟಿ ಬರುವುದಿತ್ತು. ಅಷ್ಟು ಹೊತ್ತಿಗೆ ಕಚೇರಿಯ ತುಂಬ ಜನ. ಗೇಲನ್ ಕಾಫಿ ಕುಡಿಯಲು ಹೋಗಿ ಅರ್ಧ ಅಂಗಿಗೆ ಕುಡಿಸಿದ್ದ. ರೋಸಲಿ ಉಳಿದ ಬನ್ನುಗಳನ್ನು ತಂದಿದ್ದಳು. ಎಲ್ಲರೂ ಡ್ವೇನನ ಬೆನ್ನು ತಟ್ಟಿದವರೇ: "ದೊಡ್ಡ ಮನಸ್ಸು ಮಾಡಿದ್ರಿ ಕೋಚ್." ಡಾರ್ಲಾ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಮಧ್ಯಾಹ್ನ ಆಡಿದ ಮಾತಿಗೆ ಅವಳಿಗೂ ಒಳಗೆ ಚುಚ್ಚುತ್ತಿರಬೇಕು.

ಪಟ್ಟಿ ಬಂತು. ಬರ್ನಡೀನ್ ಕನ್ನಡಕ ಏರಿಸಿಕೊಂಡು ಓದಿದಳು.

"ಪ್ಲಮ್ ಫೋರ್ಕ್. ಬಿ ವರ್ಗ."

"ಇನ್ನೊಂದ್ಸಲ ನೋಡಿ."

"ಎಷ್ಟು ಸಲ ನೋಡಿದ್ರೂ ಬಿ ನೇ."

ಡ್ವೇನ್ ಮಂಡಳಿಗೆ ಫೋನು ಹಚ್ಚಿದ. ಆ ಕಡೆ ದಣಿದ ಹೆಂಗಸಿನ ದನಿ.

"ನೂರೈವತ್ತು ಕಳಿಸಿದೀವಲ್ಲ ಮೇಡಂ. ಗೆರೆ ಇರೋದು ನೂರೈವತ್ತಕ್ಕೆ ತಾನೆ?"

"ಯಾರು ಹೇಳಿದ್ದು? ಗೆರೆ ಮೊದಲೇ ಎಲ್ಲಿರುತ್ತೆ ಸರ್? ಎಲ್ಲಾ ಶಾಲೆಗಳ ಲೆಕ್ಕ ಬಂದ್ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೀತೀವಿ. ಎ ವರ್ಗ ಬಿಟ್ಟು ಮೊದಲ ಅರವತ್ತು ಬಿ, ಉಳಿದಿದ್ದು ಸಿ. ಹೋದ್ಸಲ ಅರವತ್ತನೇದು ನೀವೇ. ನಿಮ್ಮ ಕೆಳಗಿನ ಶಾಲೇಲಿ ನೂರೈವತ್ತಿತ್ತು, ಅಷ್ಟೇ."

"ಈ ಸಲ?"

"ಈ ಸಲ ಅರವತ್ತನೇದು ನೂರ ನಲವತ್ತೇಳಕ್ಕೆ ಬಂದಿದೆ. ಏನೋಪ್ಪ, ರಾಜ್ಯದ ತುಂಬ ಮಕ್ಕಳೇ ಕಮ್ಮಿಯಾಗಿದಾರೆ. ಇವತ್ತು ಮಧ್ಯಾಹ್ನದಿಂದೀಚೆಗೆ ಹತ್ತೊಂಬತ್ತು ಶಾಲೆಗಳಲ್ಲಿ ಮಕ್ಕಳು ಮನೇಲೇ ಓದ್ತೀವಿ ಅಂತ ಹೋಗ್ಬಿಟ್ರು. ನಿಮ್ಮ ಪಕ್ಕದ ವರ್ಡೆಲ್‌ನಲ್ಲೇ ಆರು ಜನ. ವಿದ್ಯೆ ಮೇಲೆ ಯಾರಿಗೂ ಆಸಕ್ತಿ ಇಲ್ಲ ನೋಡಿ."

"ನಾವು ಎಷ್ಟನೇದು?"

"ಐವತ್ತೆಂಟು. ಎರಡು ಸ್ಥಾನ ಮೇಲಕ್ಕೆ ಬಂದಿದೀರ."

"ನೂರೈವತ್ತೊಂದು ಅಂತ ಕಳಿಸಿದ್ದಿದ್ರೆ?"

ಕಾಗದ ಸರಿದಾಡಿದ ಸದ್ದು. "ಆಗ್ಲೂ ಐವತ್ತೆಂಟೇ ಸರ್."

ಗೇಲನನ ಬಾಯಿಗೆ ಸರಿಯಾಗಿ ಅದೇ ಹೊತ್ತಿಗೆ ಮಾತು ಮರಳಿತು. "ಸರಿ," ಎಂದ ಅವನು, ಯಾರ ಮುಖವನ್ನೂ ನೋಡದೆ. "ಈ ವರ್ಷದ ಪಂದ್ಯಗಳು ಮುಗೀಲಿ. ಆಮೇಲೆ ಮುಚ್ಚೋಣ." ಒಬ್ಬೊಬ್ಬರೇ ಹೊರಟರು, ಬನ್ನುಗಳು ಹಾಗೇ ಉಳಿದವು. ಡಾರ್ಲಾ ಹೋಗುವ ಮುಂಚೆ ಡ್ವೇನನ ಹತ್ತಿರ ಬಂದು ಅವನ ತೋಳನ್ನು ಒಮ್ಮೆ ಒತ್ತಿ ಹೋದಳು.

ಡ್ವೇನ್ ಮೈದಾನಕ್ಕೆ ಬಂದಾಗ ಗೇಟಿನಲ್ಲಿ ಜನ ಸೇರುತ್ತಿದ್ದರು. ಶಾಲೆಯ ಮಕ್ಕಳಿಗೆ ಒಳಗೆ ಬಿಟ್ಟಿ, ಹೊರಗಿನವರಿಗೆ ಟಿಕೆಟ್ಟು. ಟೆಸ್ಸಾ ತನ್ನ ತರಗತಿಯ ಹುಡುಗಿಯ ಕೈಯಿಂದಲೇ ಟಿಕೆಟ್ಟು ಕೊಂಡು ಬರುತ್ತಿದ್ದಳು. ಹಸಿರು ಉಡುಪಿನ ಬದಲು ಹಳೆಯ ಜಾಕೆಟ್ಟು ತೊಟ್ಟಿದ್ದಳು.

"ಅಪ್ಪ, ಸಿ ಸಿಕ್ತಾ?"

ಸುಳ್ಳು ಹೇಳಿಬಿಡಬೇಕೆಂದು ಡ್ವೇನನಿಗೆ ಎಷ್ಟು ಅನ್ನಿಸಿತೋ! ಆದರೆ ಬೆಳಗಿನಿಂದ ಮಾಡಿದ್ದೇ ಸಾಕಷ್ಟಿತ್ತು. ಅರವತ್ತು ಶಾಲೆಯ ಸಾಲಿನ ವಿಷಯ ಹೇಳಿದ, ಐವತ್ತೆಂಟರ ವಿಷಯ ಹೇಳಿದ, ಕೊನೆಗೆ ಜನವರಿಯ ವಿಷಯವನ್ನೂ ಹೇಳಿದ. ಟೆಸ್ಸಾ ಟಿಕೆಟ್ಟನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಪೂರ್ತಿ ಕೇಳಿದಳು. ಮೈದಾನಕ್ಕೆ ಎದುರಾಳಿಗಳು ಇಳಿಯತೊಡಗಿದರು. ಅರವತ್ತು ಹುಡುಗರು, ಇಳಿದಷ್ಟೂ ಮುಗಿಯುತ್ತಿರಲಿಲ್ಲ.

"ಹಾಗಾದ್ರೆ ಸೋಮವಾರದಿಂದ ನೀನೇ ನನ್ನ ಮೇಷ್ಟ್ರು?"

"ಹೂಂ ಮಗಳೇ."

"ಎಲ್ಲಾ ಪಾಠಕ್ಕೂ?"

"ಹೂಂ."

ಟೆಸ್ಸಾ ಬೆರಳಿಗೆ ಸುತ್ತಿದ್ದ ಟಿಕೆಟ್ಟನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

"ಲೆಕ್ಕ ಮಾತ್ರ ಬೇರೆಯವರ ಹತ್ರ ಹೇಳಿಸ್ಕೋತೀನಿ ಅಪ್ಪ," ಎಂದು ಹೇಳಿ, ಹೊರಗಿನವರು ಕೂರುವ ಕಡೆಗೆ ನಡೆದಳು.